ರಂಗದೀಪನ ವಿದ್ಯೆಯೂ ನಮ್ಮ ಉದಾಸೀನವೂ

ನಾಟಕಕ್ಕೆ ನಮ್ಮ ಹಿರಿಯರು ದೃಶ್ಯಕಾವ್ಯವೆಂದು ಹೆಸರಿಟ್ಟರು. ಕೇಳುವದರ ಜೊತೆಗೆ ಕಾಣುವದೂ ಅದರ ಧರ್ಮವೆಂಬದು ಆ ಹೆಸರಿನಲ್ಲಿಯೇ ಅಡಗಿದೆ. ಆದರೆ ಇಂದು ನಮ್ಮ ಊರೂರುಗಳಲ್ಲಿ ನಡೆಯುವ ಹವ್ಯಾಸಿ ನಾಟಕಗಳನ್ನೂ ಶಾಲೆಗಳ ಸ್ನೇಹಸಮ್ಮೇಲನಗಳನ್ನೂ ಕಂಡವರಿಗೆ ಒಂದು ಸಂಗತಿಯು ಹೊಳೆಯದೆ ಇರದು: ಕಾವ್ಯವು ಅಷ್ಟಿಷ್ಟು ಉಳಿದಿದ್ದರೂ ದೃಶ್ಯವು ಮಾತ್ರ ಕತ್ತಲೆಯ ಪಾಲಾಗಿದೆ.

ಇತ್ತೀಚೆಗೆ ನಾವು ಒಂದು ತಾಲೂಕಿನ ಊರಿನ ಪ್ರೌಢಶಾಲೆಯ ಸಮ್ಮೇಲನಕ್ಕೆ ಹೋಗಿದ್ದೆವು. ಅಲ್ಲಿಯ ಹೆಣ್ಣುಮಕ್ಕಳು ಒಂದು ಐತಿಹಾಸಿಕ ನಾಟಕವನ್ನು ಎರಡು ತಿಂಗಳ ಪರ್ಯಂತ ಶ್ರಮಪಟ್ಟು ತಾಲೀಮು ಮಾಡಿದ್ದರು. ಯುದ್ಧಕ್ಕೆ ಹೋದ ಗಂಡನು ಮಡಿದನೆಂಬ ವಾರ್ತೆಯು ಬಂದಾಗ ನಾಯಿಕೆಯು ಒಂದು ಮಾತನ್ನೂ ಆಡದೆ ಹಣೆಯ ಕುಂಕುಮವನ್ನು ಒರಸಿಕೊಳ್ಳುವಳು. ಅಲ್ಲಿಗೆ ಅಂಕವು ಮುಗಿಯುವದು. ಮಾತಿಲ್ಲದ ಆ ಒಂದು ಗಳಿಗೆಗಾಗಿಯೇ ಇಡೀ ನಾಟಕವನ್ನು ಕಟ್ಟಿದಂತಿತ್ತು. ಆದರೆ ಬಾಡಿಗೆಗೆ ಬಂದ ದೀಪದವನು, ಯುದ್ಧವೆಂದ ಮೇಲೆ ರಕ್ತ, ರಕ್ತವೆಂದ ಮೇಲೆ ಕೆಂಪು ಎಂದು ಎಣಿಸಿ ರಂಗವನ್ನೆಲ್ಲ ಕೆಂಪು ಬೆಳಕಿನಿಂದ ತುಂಬಿಬಿಟ್ಟನು. ಕೆಂಪು ಬೆಳಕಿನಲ್ಲಿ ಕೆಂಪು ಕುಂಕುಮವು ಕಾಣುವದುಂಟೇ? ಕಾಣದ ಕುಂಕುಮವನ್ನು ಒರಸಿಕೊಂಡರೆ ಯಾರಿಗೆ ತಿಳಿಯಬೇಕು? ಹುಡುಗಿಯು ಬೆವರು ಒರಸಿಕೊಂಡಳೆಂದು ಹಿಂದಿನ ಸಾಲಿನ ಕೆಲವರು ನಕ್ಕರು. ಪರದೆಯು ಬಿದ್ದ ಮೇಲೆ ಆ ಮಗುವು ವಿಂಗಿನ ಮರೆಯಲ್ಲಿ ನಿಂತು ಅಳುತ್ತಿದ್ದುದನ್ನು ನಾವು ಕಣ್ಣಾರೆ ಕಂಡೆವು.

ಆ ದೀಪದವನನ್ನು ನಾವು ದೂಷಿಸಲಾರೆವು. ಮದುವೆಯ ಚಪ್ಪರಕ್ಕೂ ಗಣಪತಿಯ ಮಂಟಪಕ್ಕೂ ದೀಪ ಕಟ್ಟುವ ಬಡಪಾಯಿಯು ಅವನು. ನಾಟಕವನ್ನು ಅವನಿಗೆ ಯಾರೂ ಓದಿ ಹೇಳಿರಲಿಲ್ಲ, ಒಂದು ದಿನದ ತಾಲೀಮಿಗೂ ಅವನನ್ನು ಕರೆದಿರಲಿಲ್ಲ. ದೋಷವು ನಮ್ಮದು. ಮಾತು ಕಲಿಸಲು ಒಬ್ಬ ಗುರು, ಹಾಡು ಕಲಿಸಲು ಒಬ್ಬ ಗುರು, ಬಣ್ಣ ಹಚ್ಚಲು ಒಬ್ಬ ಕುಶಲಿ—ಇವರನ್ನೆಲ್ಲ ಹುಡುಕುವ ನಾವು ಬೆಳಕನ್ನು ಮಾತ್ರ ಗುಂಡಿ ಒತ್ತುವ ಕೆಲಸವೆಂದು ಬಗೆದಿದ್ದೇವೆ. ಅದು ಗುಂಡಿ ಒತ್ತುವ ಕೆಲಸವಲ್ಲ, ಒಂದು ವಿದ್ಯೆ. ಅದರ ಮೂಲತತ್ವಗಳು ಕೆಲವೇ ಇದ್ದು ಯಾವ ಶಾಲಾಮಾಸ್ತರರಾದರೂ ಕೆಲವು ಸಂಜೆಗಳಲ್ಲಿ ಕಲಿಯಬಹುದಾದಂಥವು. ಮತ್ತು ಅವನ್ನು ಕಲಿಯದೆ ಹಣ ಸುರಿದು ದೀಪಗಳನ್ನು ಕೊಳ್ಳುವದು ವ್ಯರ್ಥ. ಇದು ಇಂದು ನಾವು ವಾಚಕರ ಮುಂದಿಡುವ ವಾದ.

ಈ ವಾದಕ್ಕೆ ಮೊದಲು ಬರತಕ್ಕ ಆಕ್ಷೇಪವನ್ನು ನಾವು ಬಲ್ಲೆವು. "ನಮ್ಮ ಯಕ್ಷಗಾನ, ಬಯಲಾಟಗಳು ಯಾವ ದೀಪಶಾಸ್ತ್ರವನ್ನೂ ಓದದೆ ಶತಮಾನಗಳ ಕಾಲ ಬಾಳಲಿಲ್ಲವೇ?" ಎಂದು ಕೇಳುವವರಿದ್ದಾರೆ. ಬಾಳಿದವು, ನಿಜ. ಆದರೆ ಓದಲಿಲ್ಲವೆಂದ ಮಾತ್ರಕ್ಕೆ ಅರಿಯಲಿಲ್ಲವೆನ್ನುವದು ತಪ್ಪು. ದೊಂದಿಯ ಬೆಳಕು ಹಳದಿ, ಅದು ಅಲುಗಾಡುವಂಥದು. ಆ ಬೆಳಕಿಗೆ ತಕ್ಕಂತೆಯೇ ಬೇಗಡೆ ಹಚ್ಚಿದ ಕಿರೀಟ, ಭುಜಕೀರ್ತಿಗಳು ಮಿಂಚುವದು. ಬಣ್ಣದ ವೇಷದ ಮುಖದ ಮೇಲಿನ ಚುಟ್ಟಿಯು ಆ ನೆರಳುಬೆಳಕಿನಲ್ಲಿ ಜೀವ ತಳೆಯುವದು. ವೇಷವೂ ಬೆಳಕೂ ಒಂದಕ್ಕೊಂದು ಒಗ್ಗಿಕೊಂಡೇ ಬೆಳೆದವು. ಅದೇ ವೇಷವನ್ನು ಬಿಳಿಯ ಟ್ಯೂಬ್‌ಲೈಟುಗಳ ಕೆಳಗೆ ನಿಲ್ಲಿಸಿದಾಗ ಮುಖವು ಬಣ್ಣ ಬಳಿದ ಹಲಗೆಯಂತಾಗುವದನ್ನು ಕಂಡವರು, ಹಿರಿಯರಿಗೆ ಬೆಳಕಿನ ಅರಿವು ಎಷ್ಟಿತ್ತೆಂಬದನ್ನು ಬಲ್ಲರು. ಅವರ ಹೆಸರನ್ನು ಹೇಳಿ ನಮ್ಮ ಅಜ್ಞಾನವನ್ನು ಸಮರ್ಥಿಸಿಕೊಳ್ಳುವದು ನ್ಯಾಯವಲ್ಲ.

ಎರಡನೆಯ ಆಕ್ಷೇಪವು, ಇದು ಪರದೇಶದ ವಿದ್ಯೆ, ದೊಡ್ಡ ಪಟ್ಟಣಗಳ ವಿದ್ಯೆ ಎಂಬದು. ವಿದ್ಯುದ್ದೀಪವು ಪರದೇಶದಿಂದ ಬಂದುದು ನಿಜ. ಲಂಡನ್ ನಗರದ ಸೆವಾಯ್ ನಾಟಕಗೃಹವು 1881ರಲ್ಲಿ ವಿದ್ಯುದ್ದೀಪಗಳಿಂದ ಬೆಳಗಿತು. ಜನರು ಹೆದರಬಾರದೆಂದು ಆ ನಾಟಕಗೃಹದ ಒಡೆಯನಾದ ರಿಚರ್ಡ್ ಡಾಯ್ಲಿ ಕಾರ್ಟ್ ಎಂಬವನು ಉರಿಯುತ್ತಿರುವ ಒಂದು ದೀಪವನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ರಂಗದ ಮೇಲೆ ಎಲ್ಲರೆದುರಿಗೆ ಒಡೆದು, ಬಟ್ಟೆಯು ಸುಡಲಿಲ್ಲವೆಂದು ತೋರಿಸಿದನು. ಆದರೆ ನಾವೇನೂ ಬಹಳ ಹಿಂದೆ ಬಿದ್ದವರಲ್ಲ. ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಅದರಿಂದ ಬೆಳಗಿದವು. ಸೆವಾಯ್ ನಾಟಕಗೃಹದ ತರುವಾಯ ಕಾಲು ಶತಮಾನ ತುಂಬುವದರೊಳಗಾಗಿ ವಿದ್ಯುದ್ದೀಪವು ನಮ್ಮ ನಾಡಿನ ಬೀದಿಗೆ ಬಂದಿತ್ತು. ದೀಪವು ಬೇಗ ಬಂದಿತು. ದೀಪದ ವಿದ್ಯೆಯು ಮಾತ್ರ ಊರೂರಿಗೆ ಇನ್ನೂ ಮುಟ್ಟಿಲ್ಲ.

ಇನ್ನು ಹಳ್ಳಿಯಲ್ಲಿ ಇದು ಸಾಧ್ಯವೇ ಎಂಬ ಶಂಕೆಗೆ ಹೆಗ್ಗೋಡೇ ಉತ್ತರ. 1949ರಲ್ಲಿ ಹುಟ್ಟಿದ ನೀನಾಸಂ ಸಂಸ್ಥೆಯು, ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1980ರಲ್ಲಿ ಆ ಮಲೆನಾಡಿನ ಹಳ್ಳಿಯಲ್ಲಿಯೇ ನಾಟಕಶಾಲೆಯನ್ನು ತೆರೆದು ರಂಗವಿದ್ಯೆಯನ್ನು ಕನ್ನಡದಲ್ಲಿ ಕಲಿಸತೊಡಗಿತು. 1985ರಿಂದ ಅದರ ತಿರುಗಾಟದ ತಂಡವು ನಾಡನ್ನೆಲ್ಲ ಸುತ್ತಿ ನಾಟಕವಾಡುತ್ತ ಬಂದಿದೆ. ಹಳ್ಳಿಯಲ್ಲಿ, ಕನ್ನಡದಲ್ಲಿ, ಅಲ್ಪ ಸಾಧನಗಳಲ್ಲಿ ರಂಗವಿದ್ಯೆಯು ಬೆಳೆಯಬಲ್ಲದೆಂಬದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಆ ಮೂಲತತ್ವಗಳಾವುವು?

ಸ್ವಿಟ್ಜರ್ಲಂಡಿನ ಅಡಾಲ್ಫ್ ಆಪಿಯಾ (1862–1928) ಎಂಬವನು ಮೊದಲು ಒಂದು ದೊಡ್ಡ ಮಾತನ್ನು ಎತ್ತಿದನು. ರಂಗದ ಹಿಂದೆ ತೂಗುವ ಬಣ್ಣದ ಪರದೆಯು ಚಪ್ಪಟೆ. ಅದರ ಮುಂದೆ ನಿಂತ ನಟನು ಉಬ್ಬುತಗ್ಗುಗಳುಳ್ಳ ಜೀವಂತ ಮನುಷ್ಯ. ಎಲ್ಲೆಡೆಗೂ ಸಮನಾಗಿ ಚೆಲ್ಲಿದ ಬೆಳಕು ನಟನನ್ನೂ ಪರದೆಯಂತೆ ಚಪ್ಪಟೆ ಮಾಡುವದು. ಆದುದರಿಂದ ನೆರಳನ್ನು ಹುಟ್ಟಿಸುವ ಬೆಳಕು ಬೇಕು, ನೆರಳಿದ್ದರೇ ಆಕಾರ. ಆ ಬಳಿಕ ಅಮೇರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್ಲೆಸ್ ಎಂಬವನು 1932ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿದ್ಯೆಯನ್ನು ಯಾರಾದರೂ ಕಲಿಯಬಹುದಾದ ಕ್ರಮಕ್ಕೆ ಇಳಿಸಿದನು. ಬೆಳಕು ಮಾಡಬೇಕಾದ ಕೆಲಸಗಳು ನಾಲ್ಕು: ಕಾಣಿಸುವದು, ಸ್ಥಳಕಾಲಗಳನ್ನು ಸೂಚಿಸುವದು, ರಂಗದ ಚಿತ್ರವನ್ನು ಜೋಡಿಸುವದು, ಭಾವವನ್ನು ಹುಟ್ಟಿಸುವದು. ನಮ್ಮ ಕೈಯಲ್ಲಿರುವ ಗುಣಗಳೂ ನಾಲ್ಕು: ಬೆಳಕಿನ ಪ್ರಮಾಣ, ಬಣ್ಣ, ಹರವು ಮತ್ತು ಚಲನೆ. ಈ ನಾಲ್ಕು ಗುಣಗಳಿಂದ ಆ ನಾಲ್ಕು ಕೆಲಸಗಳನ್ನು ಮಾಡಿಸುವದೇ ರಂಗದೀಪನ. ಇವುಗಳಲ್ಲಿ ಕಾಣಿಸುವದೇ ಮೊದಲನೆಯದೆಂಬದನ್ನು ಮರೆಯತಕ್ಕದ್ದಲ್ಲ. ನಟನ ಕಣ್ಣು ಕಾಣದಿದ್ದರೆ ಅವನ ಮಾತು ಅರ್ಧ ಕೇಳಿಸದಂತೆಯೇ ಸರಿ.

ಶಿಕ್ಷಕ ಬಂಧುಗಳು ಇದನ್ನು ನಮ್ಮ ಮಾತಿನ ಮೇಲೆ ನಂಬಬೇಕಾಗಿಲ್ಲ. ಪ್ರತ್ಯಕ್ಷ ಪ್ರಮಾಣವನ್ನೇ ನೋಡಬಹುದು. ಒಂದು ಕೋಣೆಯನ್ನು ಕತ್ತಲು ಮಾಡಿ ಒಬ್ಬ ಹುಡುಗನನ್ನು ಮಣೆಯ ಮೇಲೆ ಕೂಡ್ರಿಸಿ, ಕೈಯಲ್ಲಿ ಒಂದು ಟಾರ್ಚನ್ನು ಹಿಡಿಯಿರಿ. ಎದುರಿನಿಂದ ನೇರವಾಗಿ ಬೆಳಕು ಬಿಟ್ಟರೆ ಮುಖವು ಅಂಟಿಸಿದ ಚಿತ್ರದಂತೆ ಚಪ್ಪಟೆಯಾಗುವದು. ಕೆಳಗಿನಿಂದ ಬಿಟ್ಟರೆ ಗದ್ದ, ಮೂಗಿನ ಹೊಳ್ಳೆಗಳು ಬೆಳಗಿ ಸೌಮ್ಯನಾದ ಹುಡುಗನೂ ಭೂತವಾಗುವನು. ನೆತ್ತಿಯ ಮೇಲಿನಿಂದ ಬಿಟ್ಟರೆ ಕಣ್ಣುಗಳು ಕಪ್ಪು ಕುಳಿಗಳಾಗಿ ಮೂಗಿನ ನೆರಳು ತುಟಿಗಳನ್ನು ಮುಚ್ಚುವದು. ಒಂದು ಮಗ್ಗುಲಿನಿಂದ ಬಿಟ್ಟರೆ ಅರ್ಧ ಮುಖ. ಬೆನ್ನ ಹಿಂದಿನಿಂದ ಬಿಟ್ಟರೆ ತಲೆ, ಹೆಗಲುಗಳ ಅಂಚು ಮಾತ್ರ. ಕೊನೆಗೆ ಟಾರ್ಚನ್ನು ಅವನ ಮುಂದೆ ಓರೆಯಾಗಿ, 45 ಅಂಶದಷ್ಟು ಮೇಲಕ್ಕೂ 45 ಅಂಶದಷ್ಟು ಪಕ್ಕಕ್ಕೂ ಹಿಡಿದು ನೋಡಿರಿ. ಬೆಳಗಿನ ಬಿಸಿಲಿನಲ್ಲಿ ನಿಂತವನಂತೆ ಕಣ್ಣು, ಕೆನ್ನೆ, ಮೂಗುಗಳೆಲ್ಲ ತಮ್ಮ ತಮ್ಮ ಆಕಾರದಲ್ಲಿ ಕಾಣುವವು. ಇದೇ ಮೊದಲನೆಯ ಪಾಠ, ಇದಕ್ಕೆ ಟಾರ್ಚಿನ ಹೊರತು ಬೇರೆ ಖರ್ಚಿಲ್ಲ.

ಎರಡನೆಯ ಪಾಠವು ರಂಗವನ್ನು ಭಾಗ ಮಾಡುವದು. ಆರು ದೀಪಗಳುಳ್ಳ ಶಾಲೆಯು ರಂಗದ ಅಗಲವನ್ನು ಎಡ, ನಡು, ಬಲ ಎಂದು ಮೂರು ಭಾಗ ಮಾಡಿಕೊಂಡು ಒಂದೊಂದು ಭಾಗಕ್ಕೆ ಎಡಗಡೆಯಿಂದ ಒಂದು, ಬಲಗಡೆಯಿಂದ ಒಂದು ದೀಪವನ್ನು ಮೇಲೆ ಹೇಳಿದ ಓರೆಯಲ್ಲಿ ಹಚ್ಚಲಿ. ಒಂದು ಪಕ್ಕದ ದೀಪಕ್ಕೆ ತುಸು ಹೊಂಬಣ್ಣ, ಇನ್ನೊಂದು ಪಕ್ಕದ ದೀಪಕ್ಕೆ ತುಸು ನಸುನೀಲಿ ಕೊಟ್ಟರೆ ಮುಖವು ಬೆಳಗಿಯೂ ಬೆಳಗುವದು, ಆಕಾರವೂ ಉಳಿಯುವದು. ಮೆಕ್‌ಕ್ಯಾಂಡ್ಲೆಸನ ಕ್ರಮದ ಸಾರವು ಇಷ್ಟೇ. ಒಂದು ಭಾಗದ ಬೆಳಕಿನ ಅಂಚು ಮಗ್ಗುಲ ಭಾಗದ ಅಂಚಿನ ಮೇಲೆ ತುಸು ಹರಡಿರತಕ್ಕದ್ದು. ಇಲ್ಲವಾದರೆ ನಡೆದು ಹೋಗುವ ಪಾತ್ರವು ನಡುವೆ ಕತ್ತಲೆಯ ಹಳ್ಳವನ್ನು ದಾಟಬೇಕಾಗುವದು. ದೀಪವನ್ನು ಎಲ್ಲಿ ಕಟ್ಟಬೇಕೆಂಬದಕ್ಕೆ ಸುಲಭವಾದ ಲೆಕ್ಕವುಂಟು. ನಟನ ಮುಖಕ್ಕಿಂತ ದೀಪವು ಎಷ್ಟು ಅಡಿ ಮೇಲಿರುವದೋ ನೆಲದ ಮೇಲೆ ಅಷ್ಟೇ ಅಡಿ ದೂರದಲ್ಲಿದ್ದರೆ 45 ಅಂಶದ ಓರೆಯು ತಾನಾಗಿಯೇ ದೊರೆಯುವದು. ಇನ್ನೂ ಒಂದೆರಡು ದೀಪಗಳಿದ್ದರೆ ಅವನ್ನು ಹಿಂದಿನಿಂದ ಬಿಡಬೇಕು. ಅವು ಪಾತ್ರವನ್ನು ಪರದೆಯಿಂದ ಬಿಡಿಸಿ ಮುಂದಕ್ಕೆ ತಂದು ನಿಲ್ಲಿಸುವವು.

ದೂರದ ವಿಷಯದಲ್ಲಿ ಇನ್ನೊಂದು ನಿಯಮವಿದೆ. ಹರಡಿ ಬೀಳುವ ಬೆಳಕಿನ ದೀಪವನ್ನು 10 ಅಡಿಯಿಂದ 20 ಅಡಿಗೆ ಸರಿಸಿದರೆ ಬೆಳಕು ಅರ್ಧವಾಗುವದಿಲ್ಲ, ಕಾಲುಭಾಗವಾಗುವದು; 30 ಅಡಿಗೆ ಸರಿಸಿದರೆ ಒಂಬತ್ತರಲ್ಲಿ ಒಂದು ಪಾಲು. ವಿಜ್ಞಾನದ ಮಾಸ್ತರರು ಫಲಕದ ಮೇಲೆ ಬರೆದು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಸೂತ್ರವೇ ಇದು. ಪರೀಕ್ಷೆಗೆ ಬೇಕಾದ ಸೂತ್ರವು ನಾಟಕದ ರಾತ್ರಿ ನೆನಪಾಗದಿದ್ದರೆ ಆ ಕಲಿಕೆಗೆ ಏನು ಬೆಲೆ?

ಮೂರನೆಯ ಪಾಠವು ಬಣ್ಣದ್ದು. ಆ ಹೆಣ್ಣುಮಗುವಿನ ನಾಟಕವು ಕೆಟ್ಟುದು ಈ ಒಂದು ಪಾಠದ ಅಭಾವದಿಂದಲೇ. ವಸ್ತುವೊಂದು ಕೆಂಪಾಗಿ ಕಾಣುವದು, ತನ್ನ ಮೇಲೆ ಬಿದ್ದ ಬೆಳಕಿನೊಳಗಿನ ಕೆಂಪನ್ನು ಹಿಂದಕ್ಕೆ ಕಳಿಸಿ ಉಳಿದುದನ್ನು ನುಂಗುವದರಿಂದ. ಬರಿಯ ಕೆಂಪು ಬೆಳಕಿನಲ್ಲಿ ಹಣೆಯೂ ಕೆಂಪು, ಕುಂಕುಮವೂ ಕೆಂಪು. ಆದುದರಿಂದ ಕುಂಕುಮವು ಮಾಯವಾಗುವದು. ಬರಿಯ ಹಸಿರು ಬೆಳಕಿನಲ್ಲಿ ಹಿಂದಕ್ಕೆ ಕಳಿಸಲು ಕೆಂಪೇ ಇಲ್ಲವಾದುದರಿಂದ ಅದೇ ಕುಂಕುಮವು ಕಪ್ಪು ಬೊಟ್ಟಾಗಿ, ಕೆಂಪು ಸೀರೆಯು ಕರಿಯ ಸೀರೆಯಾಗಿ ಕಾಣುವದು. ಇನ್ನು ಬೆಳಕನ್ನು ಬೆರೆಸುವದು ಚಿತ್ರದ ಬಣ್ಣವನ್ನು ಬೆರೆಸಿದಂತಲ್ಲ. ಕೆಂಪು ಬೆಳಕಿಗೆ ಹಸಿರು ಬೆಳಕು ಕೂಡಿದರೆ ಹಳದಿ. ಅದಕ್ಕೆ ನೀಲಿಯೂ ತಕ್ಕ ಪ್ರಮಾಣದಲ್ಲಿ ಕೂಡಿದರೆ ಬಿಳಿ. ಇಂದಿನ ಎಲ್.ಇ.ಡಿ. ದೀಪಗಳು ಈ ತತ್ವದ ಮೇಲೆಯೇ ಸಾವಿರ ಬಣ್ಣಗಳನ್ನು ಕೊಡುತ್ತವೆ. ಆದುದರಿಂದ ಬಟ್ಟೆ, ಮುಖಬಣ್ಣಗಳನ್ನು ಗೊತ್ತು ಮಾಡುವ ಮುಂಚೆ ಅವನ್ನು ರಂಗದ ದೀಪದ ಕೆಳಗೆ ಹಿಡಿದು ನೋಡತಕ್ಕದ್ದು. ಮುಖದ ಮೇಲೆ ಗಾಢವಾದ ಬಣ್ಣವು ಬೇಡ. ಅದು ಹಿಂದಿನ ಪರದೆಗೆ, ಆಕಾಶಕ್ಕೆ ಇರಲಿ.

ದೀಪಗಳಲ್ಲಿಯೂ ಜಾತಿಗಳುಂಟು. ಫ್ಲಡ್ ದೀಪವು ತೂಬು ತೆರೆದ ಕೆರೆಯಂತೆ ಬೆಳಕನ್ನು ಎಲ್ಲೆಡೆ ಚೆಲ್ಲುವದು. ಪರದೆಗೆ ಒಳ್ಳೆಯದು, ಪಾತ್ರಕ್ಕಲ್ಲ. ಫ್ರೆನೆಲ್ ದೀಪದ ಮುಂದೆ ಬಳೆಬಳೆಯಾಗಿ ಕೊರೆದ ಗಾಜಿದ್ದು ಮೆತ್ತನೆಯ ಅಂಚಿನ ಬೆಳಕನ್ನು ಕೊಡುವದು. ಆ ಗಾಜಿಗೆ ಬಳಕೆಯ ರೂಪ ಕೊಟ್ಟವನು ಫ್ರಾನ್ಸಿನ ಫ್ರೆನೆಲ್. ಹಡಗುಗಳಿಗೆ ದಾರಿ ತೋರುವ ದೀಪಸ್ತಂಭಕ್ಕೆಂದು ಹುಟ್ಟಿದ ಗಾಜು ತರುವಾಯ ರಂಗಕ್ಕೆ ಬಂದಿತು. ಪ್ರೊಫೈಲ್ ದೀಪವು ಹರಿತವಾದ ಅಂಚಿನ ಬೆಳಕನ್ನು ಕೊಡುವದು. ತಗಡಿನಲ್ಲಿ ಎಲೆಗಳನ್ನೋ ಕಿಟಕಿಯ ಸರಳುಗಳನ್ನೋ ಕತ್ತರಿಸಿ ಅದರೊಳಗಿಟ್ಟರೆ ಕಾಡೂ ಸೆರೆಮನೆಯೂ ನೆಲದ ಮೇಲೆ ಮೂಡುವವು. ಯಾವ ದೀಪವು ಯಾವ ಕೆಲಸಕ್ಕೆಂದು ತಿಳಿದವನಿಗೆ ಆರು ದೀಪ ಸಾಕು. ತಿಳಿಯದವನಿಗೆ ಅರುವತ್ತೂ ಸಾಲವು.

ಇನ್ನು ಎಲ್ಲಕ್ಕಿಂತ ಗಂಭೀರವಾದ ಮಾತು, ಅಪಾಯದ್ದು. 1903ರ ದಶಂಬರ 30ರಂದು ಅಮೇರಿಕದ ಶಿಕಾಗೋ ನಗರದ ಇರಾಕ್ವಾಯ್ ನಾಟಕಗೃಹದಲ್ಲಿ ಒಂದು ಆರ್ಕ್ ದೀಪದಿಂದ ಹತ್ತಿದ ಬೆಂಕಿಯು ತೂಗುಬಟ್ಟೆಗೆ ತಗಲಿ, 600ಕ್ಕೂ ಮಿಕ್ಕಿ ಜನರು ಮಡಿದರು. ರಜೆಯ ದಿನಗಳಾದುದರಿಂದ ಅವರಲ್ಲಿ ಹೆಂಗಸರು, ಮಕ್ಕಳೇ ಬಹಳ. ನಮ್ಮ ಶಾಲೆಗಳಲ್ಲಿ ಒಂದೇ ಗೋಡೆಯ ಪ್ಲಗ್ಗಿನಿಂದ ಹತ್ತು ದೀಪಗಳಿಗೆ ವಾಯರು ಎಳೆದು, ಗಂಟುಗಳಿಗೆ ಸರಿಯಾಗಿ ಟೇಪನ್ನೂ ಸುತ್ತದೆ, ಮಕ್ಕಳು ಓಡಾಡುವ ನೆಲದ ಮೇಲೆಯೇ ಬಿಡುವದನ್ನು ಕಂಡಾಗಲೆಲ್ಲ ನಮಗೆ ಈ ಕಥೆಯು ನೆನಪಾಗುವದು. ಲೆಕ್ಕವು ಕಠಿಣವಲ್ಲ. ವಾಟ್ಸನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರು. 1000 ವಾಟ್ಸಿನ ಒಂದು ದೀಪವು 230 ವೋಲ್ಟಿನಲ್ಲಿ ನಾಲ್ಕೂಕಾಲಕ್ಕೂ ಹೆಚ್ಚು ಆಂಪಿಯರನ್ನು ಎಳೆಯುವದು. ಅಂದರೆ 5 ಆಂಪಿಯರಿನ ಪ್ಲಗ್ಗಿಗೆ ಅಂಥ ದೀಪವೊಂದೇ ಮಿತಿ. ಎರಡನೆಯದನ್ನು ಸಿಕ್ಕಿಸುವವನು ಬೆಂಕಿಯನ್ನು ಕೈಬೀಸಿ ಕರೆಯುತ್ತಾನೆ. ಎಲ್.ಇ.ಡಿ. ದೀಪಗಳು ಬಹಳ ಕಡಿಮೆ ವಿದ್ಯುತ್ತಿನಿಂದ ಅಷ್ಟೇ ಬೆಳಕನ್ನು ಕೊಡುವದರಿಂದ ಈ ಭಯವು ತಗ್ಗಿದೆ, ಹೋಗಿಲ್ಲ. ಭೂಸಂಪರ್ಕವಿಲ್ಲದ ವಾಯರು, ಹಗ್ಗದಲ್ಲಿ ಕಟ್ಟಿ ತೂಗಬಿಟ್ಟ ದೀಪ—ಇವೆರಡನ್ನು ಯಾವ ಹೆಡ್‌ಮಾಸ್ತರರೂ ತಮ್ಮ ಶಾಲೆಯಲ್ಲಿ ಸಹಿಸತಕ್ಕದ್ದಲ್ಲ. ಮೇಲೆ ತೂಗುವ ಪ್ರತಿಯೊಂದು ದೀಪಕ್ಕೂ ಬಿಗಿದ ತಿರುಪಿನ ಜೊತೆಗೆ ಕಬ್ಬಿಣದ ಸರಪಳಿಯ ಇನ್ನೊಂದು ಆಧಾರವಿರಲೇಬೇಕು. ವಾಯರಿನ ಕೆಲಸವನ್ನು ಮಾತ್ರ ಅರಿತ ವಿದ್ಯುತ್ ಕೆಲಸಗಾರನಿಂದಲೇ ಮಾಡಿಸತಕ್ಕದ್ದು.

"ಈಗ ಯಂತ್ರಗಳೇ ಎಲ್ಲವನ್ನೂ ಮಾಡುವವಲ್ಲ, ತಲೆ ತಿರುಗಿಸುವ ದೀಪಗಳಿವೆ, ಹೊಗೆಯ ಯಂತ್ರಗಳಿವೆ, ಗಣಕಯಂತ್ರದ ಫಲಕದಿಂದ ನೂರಾರು ದೀಪಗಳನ್ನು ಒಬ್ಬನೇ ಆಡಿಸಬಲ್ಲನು" ಎಂಬದು ಕೊನೆಯ ಆಕ್ಷೇಪ. ಯಂತ್ರಗಳಿಗೆ ನಾವು ವಿರೋಧಿಗಳಲ್ಲ. ಆದರೆ ಯಾವ ದೀಪವು ಯಾವಾಗ, ಏತಕ್ಕಾಗಿ ಹತ್ತಬೇಕೆಂಬದನ್ನು ಯಂತ್ರವು ಹೇಳಲಾರದು. ಕಲ್ಕತ್ತೆಯ ತಾಪಸ್ ಸೇನರು 1959ರಲ್ಲಿ ಮಿನರ್ವಾ ನಾಟಕಗೃಹದಲ್ಲಿ ಉತ್ಪಲ್ ದತ್ತರ 'ಅಂಗಾರ್' ನಾಟಕಕ್ಕೆ ಬೆಳಕು ಮಾಡಿದಾಗ ಈ ಯಂತ್ರಗಳಾವುವೂ ಇರಲಿಲ್ಲ. ಕಲ್ಲಿದ್ದಲಿನ ಗಣಿಯೊಳಗೆ ನೀರು ನುಗ್ಗಿ ಕೂಲಿಕಾರರು ಮುಳುಗುವ ದೃಶ್ಯದಲ್ಲಿ, ರಂಗದ ಮೇಲೆ ಒಂದು ಹನಿ ನೀರಿಲ್ಲದೆ, ಬೆಳಕು ಮತ್ತು ಧ್ವನಿಗಳಿಂದಲೇ ಏರುವ ನೀರನ್ನು ಪ್ರೇಕ್ಷಕರ ಕಣ್ಣಿಗೆ ಕಟ್ಟಿದರು. ಅವರಲ್ಲಿದ್ದುದು ಯಂತ್ರವಲ್ಲ, ವಿದ್ಯೆ. ಆ ವಿದ್ಯೆಯಿಲ್ಲದೆ ಲಕ್ಷ ರೂಪಾಯಿಯ ದೀಪಗಳನ್ನು ತಂದರೂ ಆಗುವದು ಜಾತ್ರೆಯೇ ಹೊರತು ನಾಟಕವಲ್ಲ.

ಆದುದರಿಂದ ನಮ್ಮ ಸೂಚನೆಗಳು ಸ್ಪಷ್ಟವಾಗಿವೆ. ಒಂದು, ಪ್ರತಿಯೊಂದು ಶಾಲೆಯಲ್ಲಿ ವಿಜ್ಞಾನದ ಮಾಸ್ತರರೂ ಚಿತ್ರಕಲೆಯ ಮಾಸ್ತರರೂ ಜೊತೆಗೂಡಿ ಮೇಲೆ ಹೇಳಿದ ಟಾರ್ಚಿನ ಪಾಠದಿಂದ ಮೊದಲುಗೊಂಡು ಈ ವಿದ್ಯೆಯನ್ನು ಕಲಿತು, ಆಸಕ್ತರಾದ ನಾಲ್ಕು ಮಂದಿ ಮಕ್ಕಳಿಗೆ ಕಲಿಸಲಿ. ಎರಡು, ದೀಪ ಹಿಡಿಯುವವನು ತಾಲೀಮಿನ ಮೊದಲ ದಿನದಿಂದಲೇ ಕೂತು ನಾಟಕವನ್ನು ಕೇಳಲಿ. ಯಾವ ಮಾತಿಗೆ ಯಾವ ದೀಪ ಏರಬೇಕು, ಎಷ್ಟು ಹೊತ್ತಿನಲ್ಲಿ ಇಳಿಯಬೇಕೆಂಬದನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳಲಿ. ಬೆಳಕಿಗಾಗಿಯೇ ಒಂದು ರಾತ್ರಿಯ ತಾಲೀಮು ಪ್ರತ್ಯೇಕವಾಗಿ ನಡೆಯಲಿ. ಮೂರು, ಬಾಡಿಗೆಯ ದೀಪದವರನ್ನು ಹೊರಗಿಡದೆ ಅವರನ್ನೂ ಈ ಪಾಠಕ್ಕೆ ಕರೆಯಲಿ. ಕೈಚಳಕವು ಅವರಲ್ಲಿ ಈಗಾಗಲೇ ಇದೆ, ಕೊಡಬೇಕಾದುದು ಅರಿವು ಮತ್ತು ಗೌರವ. ನಾಲ್ಕು, ಈ ವಿದ್ಯೆಯ ಮಾತುಗಳು ಕನ್ನಡದಲ್ಲಿ ಬಾಯಿಂದ ಬಾಯಿಗೆ ಹರಿಯಲಿ. ಫ್ರೆನೆಲ್, ಡಿಮ್ಮರ್ ಎಂಬ ಹೆಸರುಗಳು ಹಾಗೆಯೇ ಇದ್ದರೆ ಹಾನಿಯಿಲ್ಲ; ಆದರೆ "ಏಕೆ" ಎಂಬುದರ ಉತ್ತರವು ತಾಯ್ನುಡಿಯಲ್ಲಿ ದೊರೆಯದ ವಿದ್ಯೆಯು ಕೂಲಿಯಾಗುವದೇ ಹೊರತು ಕಲೆಯಾಗಲಾರದು.

ಇವಕ್ಕೆ ಸರಕಾರದ ಮಂಜೂರಾತಿ ಬೇಕಿಲ್ಲ, ದೊಡ್ಡ ದೇಣಿಗೆಯೂ ಬೇಕಿಲ್ಲ. ಬೇಕಾದುದು ಕೆಲವು ಸಂಜೆಗಳು, ಕೆಲವು ಮಂದಿಯ ಶ್ರದ್ಧೆ. ಮುಂದಿನ ಸಮ್ಮೇಲನದಲ್ಲಿ ಯಾವದೋ ಊರಿನ ಯಾವದೋ ಹೆಣ್ಣುಮಗುವು ಮಾತಿಲ್ಲದೆ ತನ್ನ ಹಣೆಗೆ ಕೈಯೆತ್ತುವಳು. ಆಗ ಅವಳ ಮೇಲೆ ಸೌಮ್ಯವಾದ ಬೆಳಕು ಓರೆಯಾಗಿ ಬೀಳಲಿ. ಕುಂಕುಮವು ಕೆಂಪಾಗಿ ಕಾಣಲಿ, ಒರಸಿದ ಮೇಲೆ ಬರಿಯ ಹಣೆಯೂ ಕಾಣಲಿ. ಕೊನೆಯ ಸಾಲಿನಲ್ಲಿ ಕುಳಿತವನೂ ನಗದೆ ಸುಮ್ಮನಾಗುವನು. ಅಷ್ಟಾದರೆ ಆ ಸಂಜೆಗಳ ಶ್ರಮವು ಸಾರ್ಥಕವೆಂದು ನಾವು ತಿಳಿಯುವೆವು.